ಎರವಲು ಬೊಂಬೆಗಳೂ ಅಚೌರ್ಯವ್ರತವೂ

ಕಳೆದ ವರ್ಷದ ದಶಲಕ್ಷಣ ಪರ್ವದಲ್ಲಿ, ಉತ್ತಮ ಶೌಚಧರ್ಮದ ದಿನ ಸಂಜೆ, ಮೈಸೂರಿನ ವಿಜಯನಗರದಲ್ಲಿರುವ ನಮ್ಮ ಮನೆಯ ಮಹಡಿಯ ಮೇಲೆ ಪಾಠಶಾಲೆಯ ಮಕ್ಕಳು ತಾವೇ ತಯಾರಿಸಿದ ಒಂದು ವಿಡಿಯೋವನ್ನು ಹಿರಿಯರಿಗೆಲ್ಲ ತೋರಿಸಿದರು. ಒಂಬತ್ತು ನಿಮಿಷಗಳ ಆ ಚಿತ್ರದ ವಸ್ತು ಭರತ-ಬಾಹುಬಲಿಯರ ಧರ್ಮಯುದ್ಧ. ಅದರ ಪಾತ್ರಧಾರಿಗಳು ಮನುಷ್ಯರಲ್ಲ, ಕೈಯಿಂದ ಬರೆದ ಚಿತ್ರಗಳೂ ಅಲ್ಲ. ವಿಡಿಯೋ ಆಟವೊಂದರಿಂದ ತೆಗೆದುಕೊಂಡ ಕಂಪ್ಯೂಟರ್ ಬೊಂಬೆಗಳು. ಯಾವುದೋ ವಿದೇಶೀ ಆಟದ ಸೈನಿಕನ ತಲೆಗೆ ಕಿರೀಟ ಅಂಟಿಸಿ ಭರತನನ್ನು ಮಾಡಿದ್ದರು. ಎರಡೂ ಕಡೆಯ ಚತುರಂಗ ಸೇನೆಗೆ ಒಂದೇ ಮುಖ. ದೃಷ್ಟಿಯುದ್ಧದಲ್ಲಿ ಬೊಂಬೆಗಳು ಕಣ್ಣು ಮಿಟುಕಿಸಲಾರವಾದ್ದರಿಂದ ಅಲ್ಲಿ ಸೋಲುಗೆಲುವು ತೀರ್ಮಾನವಾಗುವುದೇ ಕಷ್ಟವಾಗಿತ್ತು. ಮಕ್ಕಳು ಜಾಣತನದಿಂದ ಆ ಸಮಸ್ಯೆಯನ್ನು ನೆರಳು-ಬೆಳಕಿನಲ್ಲಿ ಬಗೆಹರಿಸಿದ್ದರು. ನಾವೆಲ್ಲ ಸಂತೋಷಪಟ್ಟೆವು. ನಮ್ಮ ಟ್ರಸ್ಟಿನ ಹೆಸರಿನಲ್ಲಿಯೇ ಅದನ್ನು ಅಂತರ್ಜಾಲಕ್ಕೆ ಏರಿಸಬೇಕೆಂದು ನಿಶ್ಚಯವಾಯಿತು.

ಏರಿಸಿದ ಒಂದು ಗಂಟೆಯೊಳಗೆ ವಿಡಿಯೋ ತಾಣದಿಂದ ಸೂಚನೆ ಬಂದಿತು. ಹಿನ್ನೆಲೆಗೆ ಬಳಸಿದ್ದ ಚಲನಚಿತ್ರ ಸಂಗೀತ ಬೇರೆಯವರ ಸ್ವತ್ತು, ಆದ್ದರಿಂದ ಧ್ವನಿಯನ್ನು ತೆಗೆದುಹಾಕಲಾಗಿದೆ ಎಂದು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿ ಹಿಡಿದ ಬಾಹುಬಲಿ, ಸಂಪೂರ್ಣ ನಿಶ್ಶಬ್ದದಲ್ಲಿ ವೈರಾಗ್ಯವನ್ನು ಪಡೆದನು.

ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಹಿರಿಯ ಸದಸ್ಯರೊಬ್ಬರು, "ಧರ್ಮಪ್ರಭಾವನೆಗೆ ಬಳಸಿದ್ದನ್ನೂ ಕಳ್ಳತನವೆಂದು ಕರೆಯುವ ಕಾಲ ಬಂತೇ?" ಎಂದು ಖೇದದಿಂದ ಕೇಳಿದರು. ವಿಡಿಯೋ ಮಾಡಿದ ಹುಡುಗರಲ್ಲೊಬ್ಬ, ಹದಿನಾರು ವರ್ಷದವನು, ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದವನು ಮೆಲ್ಲನೆ ಹೇಳಿದ: "ತಾತ, ಹಾಡು ತೊಗೊಂಡಿದ್ದು ನಮ್ಮ ತಪ್ಪೇ. ಆದರೆ ಬೊಂಬೆ ತೊಗೊಂಡಿದ್ದು ತಪ್ಪಲ್ಲ. ಅದನ್ನ ಅವರು ಕೊಟ್ಟಿದಾರೆ."

'ಕೊಟ್ಟಿದ್ದಾರೆ' ಎಂಬ ಆ ಒಂದು ಮಾತು ನನ್ನನ್ನು ಬಹುದಿನ ಕಾಡಿತು. ಏಕೆಂದರೆ ಅಚೌರ್ಯದ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು 'ಕಳ್ಳತನ ಮಾಡಬಾರದು' ಎಂಬ ಲೋಕರೂಢಿಯ ಮಾತಿನಿಂದ ಹೊರಡುವುದಿಲ್ಲ. 'ದತ್ತ' ಮತ್ತು 'ಅದತ್ತ', ಅಂದರೆ ಕೊಟ್ಟದ್ದು ಮತ್ತು ಕೊಡದೇ ಇದ್ದದ್ದು ಎಂಬ ವಿವೇಕದಿಂದ ಹೊರಡುತ್ತಾರೆ. ಹುಡುಗನಿಗೆ ಶಾಸ್ತ್ರ ಗೊತ್ತಿಲ್ಲದೆಯೇ ಶಾಸ್ತ್ರದ ಶಬ್ದ ಬಾಯಿಗೆ ಬಂದಿತ್ತು. ಆದುದರಿಂದ ಈ ಬೊಂಬೆಗಳ ಸಂಗತಿಯೇನು, ಅವನ್ನು ಕೊಟ್ಟವರು ಯಾರು, ತೆಗೆದುಕೊಂಡವರು ಏನು ಮಾಡಿದರು ಎಂಬುದನ್ನು ತಕ್ಕಮಟ್ಟಿಗೆ ತಿಳಿದುಕೊಂಡು ಓದುಗರ ಮುಂದಿಡುತ್ತಿದ್ದೇನೆ.

೨೦೦೪ರ ನವೆಂಬರಿನಲ್ಲಿ ಅಮೆರಿಕದ ವಾಲ್ವ್ ಎಂಬ ಕಂಪನಿಯು 'ಹಾಫ್-ಲೈಫ್ ೨' ಎಂಬ ವಿಡಿಯೋ ಆಟವನ್ನು ಹೊರತಂದಿತು. ಆ ಕಂಪನಿಯ ವಿಶೇಷವೆಂದರೆ, ತನ್ನ ಆಟದ ಮನುಷ್ಯಾಕೃತಿಗಳು, ಕಟ್ಟಡಗಳು, ಪೀಠೋಪಕರಣಗಳು ಇವನ್ನೆಲ್ಲ ಆಟಗಾರರು ಬಿಚ್ಚಿ ತಮಗೆ ಬೇಕಾದಂತೆ ಜೋಡಿಸಿಕೊಳ್ಳಲು ಅವಕಾಶ ಕೊಟ್ಟದ್ದು. ಮರುತಿಂಗಳೇ ಇಂಗ್ಲೆಂಡಿನ ಗ್ಯಾರಿ ನ್ಯೂಮನ್ ಎಂಬ ಯುವಕ ಆ ಸಾಮಗ್ರಿಯನ್ನು ಬಳಸಿ 'ಗ್ಯಾರೀಸ್ ಮಾಡ್' ಎಂಬುದನ್ನು ರಚಿಸಿದನು. ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬೊಂಬೆಗಳನ್ನು ನಿಲ್ಲಿಸಿ, ಕೂರಿಸಿ, ಕೈಕಾಲು ತಿರುಗಿಸಿ ಆಡುವುದಷ್ಟೇ. ದಸರಾ ಬೊಂಬೆಗಳನ್ನು ಜೋಡಿಸುವ ನಮ್ಮ ಊರಿನ ಗೃಹಿಣಿಯರಿಗೆ ಈ ಆನಂದವನ್ನು ವಿವರಿಸಬೇಕಾಗಿಲ್ಲ. ೨೦೦೬ರಿಂದ ಅದು ವಾಲ್ವ್‌ನ ಒಪ್ಪಿಗೆಯೊಡನೆ, ವಾಲ್ವ್‌ನದೇ ಅಂತರ್ಜಾಲದ ಅಂಗಡಿಯಲ್ಲಿ ಮಾರಾಟವಾಗುತ್ತಿದೆ. ಎರಡು ಕೋಟಿಗೂ ಹೆಚ್ಚು ಪ್ರತಿಗಳು ಹೋಗಿವೆ. ಅನಂತರ ೨೦೧೨ರಲ್ಲಿ ವಾಲ್ವ್ ಸಂಸ್ಥೆಯು ಇದೇ ಬೊಂಬೆಗಳಿಂದ ಚಲನಚಿತ್ರ ಮಾಡುವ 'ಸೋರ್ಸ್ ಫಿಲ್ಮ್‌ಮೇಕರ್' ಎಂಬ ಉಪಕರಣವನ್ನೂ ಉಚಿತವಾಗಿ ಸಾರ್ವಜನಿಕರ ಕೈಗಿತ್ತಿತು. ಸಂಸ್ಥೆ ಒಂದು ಕಟ್ಟನ್ನೂ ಹೇಳಿದೆ: ನಮ್ಮ ಸಾಮಗ್ರಿಯಿಂದ ವಿಡಿಯೋ ಮಾಡಿ, ಜನಕ್ಕೆ ತೋರಿಸಿ, ತಾಣದವರು ಕೊಡುವ ಜಾಹೀರಾತಿನ ಪಾಲನ್ನು ಬೇಕಾದರೆ ಪಡೆಯಿರಿ, ಆದರೆ ನೋಡಲು ಬಂದವರಿಂದ ಹಣ ವಸೂಲು ಮಾಡಬೇಡಿ. ಕಟ್ಟಿನೊಡನೆ ಕೊಟ್ಟದ್ದೂ ಕೊಟ್ಟದ್ದೇ. ಆದರೆ ಕಟ್ಟು ಎಲ್ಲಿಯವರೆಗೋ ಅಲ್ಲಿಯವರೆಗೆ ಮಾತ್ರ ಅದು ದತ್ತ, ಅದರಾಚೆಗೆ ಅದತ್ತ.

ಇನ್ನು ತೆಗೆದುಕೊಂಡವರ ಕಥೆ. ೨೦೨೩ರ ಫೆಬ್ರವರಿ ೭ರಂದು ಜಾರ್ಜಿಯಾ ದೇಶದಲ್ಲಿ ನೆಲೆಸಿರುವ ಅಲೆಕ್ಸಿ ಗೆರಾಸಿಮೊವ್ ಎಂಬ ಚಿತ್ರಕಾರ 'ಸ್ಕಿಬಿಡಿ ಟಾಯ್ಲೆಟ್' ಎಂಬ ಸರಣಿಯ ಮೊದಲ ತುಣುಕನ್ನು ಯೂಟ್ಯೂಬಿನಲ್ಲಿ ಬಿಡುಗಡೆ ಮಾಡಿದರು. ಹೆಸರು ಕೇಳಿದೊಡನೆ ಮೂಗು ಮುಚ್ಚಿಕೊಳ್ಳುವ ಓದುಗರು ಕ್ಷಮಿಸಬೇಕು. ನಮ್ಮ ಮನೆಯ ಮಕ್ಕಳು ಊಟದ ಹೊತ್ತಿನಲ್ಲಿ ನೋಡುತ್ತಿರುವುದು ಇದನ್ನೇ ಎಂದಮೇಲೆ ವಿಮರ್ಶಕನು ಮುಖ ತಿರುಗಿಸಿ ಕೂರುವಂತಿಲ್ಲ. ಶೌಚಾಲಯದ ಬೋಗುಣಿಯಿಂದ ಮನುಷ್ಯನ ತಲೆಯೊಂದು ಮೇಲೆದ್ದು ಹಾಡುತ್ತದೆ. ಆ ತಲೆಗಳದೊಂದು ಸೇನೆಯಾಗುತ್ತದೆ. ಅವನ್ನು ಎದುರಿಸಲು ತಲೆಯ ಜಾಗದಲ್ಲಿ ಕ್ಯಾಮೆರಾ, ಧ್ವನಿವರ್ಧಕ, ದೂರದರ್ಶನದ ಪೆಟ್ಟಿಗೆ ಇರುವ, ಕಪ್ಪು ಕೋಟಿನ ಮನುಷ್ಯರು ಬರುತ್ತಾರೆ. ಯುದ್ಧ ಮುಗಿಯುವುದೇ ಇಲ್ಲ. ಮಾತು ಬಹುಮಟ್ಟಿಗೆ ಇಲ್ಲವೇ ಇಲ್ಲ.

ನಾನು ಮೊಮ್ಮಗನ ಪಕ್ಕದಲ್ಲಿ ಕುಳಿತು ಸುಮಾರು ಮೂವತ್ತು ತುಣುಕುಗಳನ್ನು ನೋಡಿದೆನು. ಹಿಂಸೆಯನ್ನು ತಮಾಷೆಯಾಗಿ ತೋರಿಸುವ ಅದರ ಧೋರಣೆ ನನಗೆ ಸಮ್ಮತವಲ್ಲ. ಅಶುಚಿ ಸ್ಥಳವನ್ನೇ ಹಾಸ್ಯದ ಮೂಲವಾಗಿಸಿಕೊಂಡದ್ದು ಬಾಲಿಶ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಕ್ಯಾಮೆರಾ ತಲೆಯ ಆ ಮೂಕ ಮನುಷ್ಯನಲ್ಲಿ ನಿಜವಾದ ಕಲ್ಪನೆಯಿದೆ. ನೋಡುವುದನ್ನು ಬಿಟ್ಟು ಬೇರೇನೂ ಬಾರದ ನಮ್ಮ ಕಾಲದ ಮನುಷ್ಯನ ಚಿತ್ರ ಅದು. ಬೋಗುಣಿಯ ತಲೆಯಾದರೋ ಇವರದಲ್ಲ: 'ಹಾಫ್-ಲೈಫ್ ೨' ಆಟದ ಒಬ್ಬ ಸಾಮಾನ್ಯ ನಾಗರಿಕನದು. ಬೀದಿ, ಗೋಡೆ, ಕಟ್ಟಡಗಳಲ್ಲಿಯೂ ಹಲವು ವಾಲ್ವ್‌ನ ಆಟಗಳವು. ಆ ತಲೆ ಹಾಡುವ ಹಾಡೂ ಬಲ್ಗೇರಿಯಾದ ಗಾಯಕನೊಬ್ಬನ ಗೀತೆ ಮತ್ತು ಅಮೆರಿಕದ ಟಿಂಬಲ್ಯಾಂಡ್‌ನ ಗೀತೆ ಇವೆರಡನ್ನು ಬೆಸೆದದ್ದು. ಹೀಗೆ ಎರವಲಿನ ತಲೆ, ಎರವಲಿನ ಬೀದಿ, ಎರವಲಿನ ಹಾಡು. ನಡುವೆ ಸ್ವಂತದ ಒಂದು ಕಲ್ಪನೆ. ಇದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ. ಪೂರ್ವಪುರಾಣದ ಕಥೆಯನ್ನು ಜಿನಸೇನರಿಂದ ಪಡೆದು ಪಂಪನು ತನ್ನದಾಗಿ ಮಾಡಿಕೊಂಡ ನಾಡು ನಮ್ಮದು.

ವಿವಾದ ಹುಟ್ಟಿದ್ದು ಹಣ ಬಂದಮೇಲೆ. ಸರಣಿ ಜಗದ್ವಿಖ್ಯಾತವಾಯಿತು, ಹಾಲಿವುಡ್ಡಿನ ನಿರ್ದೇಶಕ ಮೈಕೇಲ್ ಬೇ ಮತ್ತು ಆಡಮ್ ಗುಡ್‌ಮನ್ ಇದನ್ನು ಚಲನಚಿತ್ರವಾಗಿಸುವ ಯೋಜನೆಯಲ್ಲಿರುವುದು ೨೦೨೪ರ ಜುಲೈನಲ್ಲಿ ಪ್ರಕಟವಾಯಿತು. ಅದೇ ತಿಂಗಳ ಕೊನೆಯಲ್ಲಿ ಗ್ಯಾರಿ ನ್ಯೂಮನ್‌ಗೆ ಸ್ಕಿಬಿಡಿಯ ಹಕ್ಕುದಾರರ ಹೆಸರಿನಲ್ಲಿ ಒಂದು ನೋಟೀಸು ಬಂದಿತು. 'ಗ್ಯಾರೀಸ್ ಮಾಡ್'ನಲ್ಲಿ ಆಟಗಾರರು ಸೇರಿಸಿರುವ ಸ್ಕಿಬಿಡಿಯ ಬೊಂಬೆಗಳಿಗೆ ತಮ್ಮ ಪರವಾನಗಿಯಿಲ್ಲ, ಅವೆಲ್ಲವನ್ನೂ ತೆಗೆದುಹಾಕಬೇಕು ಎಂಬುದು ಅದರ ಸಾರ. ಇದೆಂಥ ಧಾರ್ಷ್ಟ್ಯ ಎಂಬ ಅರ್ಥದ ಮಾತಿನೊಡನೆ ನ್ಯೂಮನ್ ಅದನ್ನು ಬಹಿರಂಗಪಡಿಸಿದರು. ಪ್ರಪಂಚದ ಪತ್ರಿಕೆಗಳು ನಕ್ಕವು. ಕೆಲವು ದಿನಗಳಲ್ಲಿ ವಿಷಯ ಇತ್ಯರ್ಥವಾಯಿತೆಂದು ನ್ಯೂಮನ್ ತಿಳಿಸಿದರು. ನ್ಯಾಯಾಲಯದವರೆಗೆ ಅದು ಹೋಗಲಿಲ್ಲ.

ಇದೇ ನ್ಯೂಮನ್ ಮೂರು ತಿಂಗಳ ಹಿಂದೆ ಹೇಗೆ ನಡೆದುಕೊಂಡಿದ್ದರು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ೨೦೨೪ರ ಏಪ್ರಿಲ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿಯು ತನ್ನ ಆಟಗಳ ಬೊಂಬೆಗಳನ್ನು ಜನರು 'ಗ್ಯಾರೀಸ್ ಮಾಡ್'ಗೆ ತಂದು ಸೇರಿಸಿರುವುದನ್ನು ಆಕ್ಷೇಪಿಸಿತು. ಸುಮಾರು ಇಪ್ಪತ್ತು ವರ್ಷಗಳಿಂದ ಸೇರುತ್ತ ಬಂದಿದ್ದ ರಾಶಿ ಅದು. ನ್ಯೂಮನ್‌ರ ಬಳಗ ಅದನ್ನೆಲ್ಲ ತೆಗೆದುಹಾಕಲು ಒಪ್ಪಿತು: ಅದು ಅವರದು, ಬೇಡವೆನ್ನುವುದು ಅವರ ಹಕ್ಕು, ಸರಿಯಾಗಿಯೇ ಇದೆ ಎಂಬುದು ಅವರ ನಿಲುವು. ವಾಲ್ವ್ ಕೊಟ್ಟಿತ್ತು, ನಿಂಟೆಂಡೊ ಕೊಟ್ಟಿರಲಿಲ್ಲ. ದತ್ತ-ಅದತ್ತಗಳ ಭೇದವನ್ನು ಇಷ್ಟು ನಿಚ್ಚಳವಾಗಿ ಕಂಡು ಅದರಂತೆ ನಡೆದವನಿಗೆ ಸ್ಕಿಬಿಡಿಯ ನೋಟೀಸು ಬಂದಾಗ ಸಿಟ್ಟೇರಿದ್ದು ಸಹಜ.

ಆದರೆ ಸ್ಕಿಬಿಡಿಯವರ ಪಕ್ಷಕ್ಕೆ ಏನೂ ಇಲ್ಲವೆನ್ನುವಂತಿಲ್ಲ. ಕ್ಯಾಮೆರಾ ತಲೆಯ ಮನುಷ್ಯನನ್ನು ಅವರು ಕಲ್ಪಿಸಿದ್ದು ನಿಜ. ಆ ಕಲ್ಪನೆಯನ್ನು ಇನ್ನೊಬ್ಬರು ಅವರನ್ನು ಕೇಳದೆ ಬೊಂಬೆಯಾಗಿಸಿದ್ದೂ ನಿಜ. ಹಕ್ಕುಸ್ವಾಮ್ಯದ ಕಾನೂನು ಎರವಲಿನ ಮೇಲೆ ಕಟ್ಟಿದ ಕೃತಿಯಲ್ಲಿಯೂ ಹೊಸದಾಗಿ ಸೇರಿದ್ದಕ್ಕೆ ರಕ್ಷಣೆ ಕೊಡುತ್ತದೆ. ನನ್ನ ಆಕ್ಷೇಪವಿರುವುದು ಹಕ್ಕಿನ ಬಗ್ಗೆ ಅಲ್ಲ, ಆ ಹಕ್ಕನ್ನು ಎತ್ತಿ ಹಿಡಿದ ದಿಕ್ಕಿನ ಬಗ್ಗೆ. ಯಾರ ಅಂಗಳದ ಮಣ್ಣಿನಲ್ಲಿ ಬೊಂಬೆ ಮಾಡಲು ಕಲಿತರೋ ಅದೇ ಅಂಗಳದ ಮಕ್ಕಳಿಗೆ ಮಣ್ಣು ಮುಟ್ಟಬೇಡಿರೆಂದು ಹೇಳಿದಂತಾಯಿತು ಅದು.

ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಅಚೌರ್ಯವನ್ನು ವಿವರಿಸುವಾಗ ಗೃಹಸ್ಥನಿಗೊಂದು ರಿಯಾಯಿತಿ ತೋರುತ್ತಾರೆ. ಬಾವಿ ಮುಂತಾದವುಗಳ ನೀರನ್ನು ಯಾರೂ ಕೈಯಾರೆ ಎತ್ತಿ ಕೊಡದಿದ್ದರೂ ತೆಗೆದುಕೊಳ್ಳದೆ ಗೃಹಸ್ಥನು ಬದುಕಲಾರ. ಅಷ್ಟನ್ನು ಬಿಡಲು ಅಶಕ್ತನಾದವನು ಉಳಿದೆಲ್ಲ ಅದತ್ತವನ್ನಾದರೂ ಬಿಡಬೇಕು ಎಂಬುದು ಅದರ ಅಭಿಪ್ರಾಯ. ಎಲ್ಲರೂ ಸೇದುವ ನೀರಿನಂತಹ ವಸ್ತುಗಳೂ ಲೋಕದಲ್ಲಿವೆಯೆಂದು ಆಚಾರ್ಯರು ಬಲ್ಲರು. ಜಾನಪದದ ಮಟ್ಟು, ಪುರಾಣದ ಕಥೆ, ಇಂದಿನ ಕಾಲಕ್ಕೆ ಬಂದರೆ ಹೀಗೆ ಬಿಟ್ಟುಕೊಟ್ಟ ಬೊಂಬೆಗಳು, ಇವು ಆ ಜಾತಿಯವು. ಸಮಂತಭದ್ರರ ರತ್ನಕರಂಡಕದ ದೃಷ್ಟಿ ಇನ್ನೊಂದು ಬಗೆಯಲ್ಲಿ ಸೂಕ್ಷ್ಮ. ಇಟ್ಟ, ಬಿದ್ದ, ಮರೆತ ಪರಸ್ವತ್ತನ್ನು ತಾನು ತೆಗೆದುಕೊಳ್ಳದಿರುವುದು ಮಾತ್ರವಲ್ಲ, ಇನ್ನೊಬ್ಬನಿಗೆ ಎತ್ತಿ ಕೊಡದಿರುವುದೂ ವ್ರತದ ಅಂಗವೆನ್ನುತ್ತಾರೆ ಅವರು. ಬಂದದ್ದನ್ನೆಲ್ಲ ಮುಂದಕ್ಕೆ ರವಾನಿಸುವ ನಮ್ಮ ವಾಟ್ಸ್ಆಪ್ ಕಾಲಕ್ಕೇ ಬರೆದಂತಿದೆ ಆ ಲಕ್ಷಣ. ಅಚೌರ್ಯದ ಅತಿಚಾರಗಳಲ್ಲಿ ಅವರು 'ಸದೃಶಸನ್ಮಿಶ್ರ'ವನ್ನೂ ಎಣಿಸಿದ್ದಾರೆ: ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸಿ, ಅದೇ ಇದು ಎಂದು ದಾಟಿಸುವುದು. ವ್ಯಾಪಾರಿಗಳ ತುಪ್ಪ-ಎಣ್ಣೆಗಳ ಕುರಿತಾಗಿ ಇದನ್ನು ವಿವರಿಸುವುದು ರೂಢಿ. ಎರವಲನ್ನು ಸ್ವಂತದೊಡನೆ ಕಲಸಿ, ಕಲಸಿದ್ದೆಲ್ಲಕ್ಕೂ ಸ್ವಂತದ ಮುದ್ರೆ ಒತ್ತುವುದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಇದೆಲ್ಲ ದೂರದೇಶದ ಮಾತೆಂದು ತೋರಿದರೆ ನಮ್ಮದೇ ನಾಡಿನ ಒಂದು ವ್ಯಾಜ್ಯವನ್ನು ನೆನೆಯಬಹುದು. ಡಾ. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾರ್ಪಾಟುಗಳನ್ನು ಮಾಡಿ ಭೀಷ್ಮವಿಜಯ, ನಳದಮಯಂತಿ, ಅಭಿಮನ್ಯುವಧೆ, ಪಂಚವಟಿ ಮೊದಲಾದ ಏಳು ಪ್ರಸಂಗಗಳನ್ನು ನೃತ್ಯರೂಪಕಗಳಾಗಿ ಕಟ್ಟಿದರು. ಯಕ್ಷಗಾನ ಕರಾವಳಿಯ ಜನರದು. ಪ್ರಸಂಗದ ಕಥೆಗಳು ಲೋಕದವು. ಆದರೆ ರಂಗದ ಮೇಲೆ ಬಂದ ಆ ಹೊಸ ರೂಪ ಕಾರಂತರದು. ೧೯೯೭ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ಆಶ್ರಯದಲ್ಲಿಯೇ ಅವರ ಪ್ರಯೋಗಗಳು ನಡೆದಿದ್ದವು. ೨೦೦೧ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ ದೆಹಲಿಯಲ್ಲಿ ಅಭಿಮನ್ಯುವಧೆಯನ್ನು ಆಡಿಸಿದಾಗ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ತಮ್ಮ ಅನುಮತಿ ಕೇಳಿಲ್ಲವೆಂದು ಮೊಕದ್ದಮೆ ಹೂಡಿದರು. ಜಿಲ್ಲಾ ನ್ಯಾಯಾಲಯ, ಹೈಕೋರ್ಟುಗಳನ್ನು ದಾಟಿ ೨೦೦೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಇಂತಹ ನೃತ್ಯರೂಪಕವು ಸಾಹಿತ್ಯಕೃತಿಯಲ್ಲ, ನಾಟಕಕೃತಿ. ಅದರ ಹಕ್ಕು ಉಯಿಲಿನ ಪ್ರಕಾರ ವಾದಿಗೇ ಸೇರುತ್ತದೆ. ಆದರೆ ಹಕ್ಕುಸ್ವಾಮ್ಯ ಕಾಯಿದೆಯ ೫೨ನೆಯ ಕಲಮಿನಲ್ಲಿರುವ ವಿನಾಯಿತಿಗಳ ಪ್ರಯೋಜನವನ್ನು ಪ್ರತಿವಾದಿ ಸಂಸ್ಥೆ ಪಡೆಯಬಹುದು, ಪ್ರತಿಬಂಧಕಾಜ್ಞೆ ಅದನ್ನು ಮುಚ್ಚಲಾರದು. ಹಕ್ಕಿನ ಬೇಲಿಯನ್ನು ಒಪ್ಪಿ, ಬೇಲಿಯಲ್ಲಿ ಒಂದು ಬಾಗಿಲನ್ನು ಉಳಿಸಿದ ತೀರ್ಪು ಇದು. ನನಗೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೂ, ಕರಾವಳಿಯ ಬಯಲಿನಲ್ಲಿ ಹುಟ್ಟಿದ ಆಟದ ಒಂದು ರೂಪವನ್ನು ಆಡಲು ೨೦೫೭ರ ಕೊನೆಯವರೆಗೆ ಒಬ್ಬರ ಅಪ್ಪಣೆ ಬೇಕೆಂಬುದನ್ನು ಓದಿದಾಗ ಮನಸ್ಸಿನಲ್ಲಿ ಏನೋ ಒಂದು ಕಸಿವಿಸಿಯಾಗುತ್ತದೆ. ಮರಣಾನಂತರ ಅರವತ್ತು ವರ್ಷ ಎಂಬುದು ನಮ್ಮ ಕಾಯಿದೆಯ ಲೆಕ್ಕ.

ಆ ಕಸಿವಿಸಿಗೆ ಕಾರಣ ನಮ್ಮ ಪರಂಪರೆಯಲ್ಲಿಯೇ ಇದೆಯೆಂದು ಕಾಣುತ್ತದೆ. ಪ್ರತಿ ಮಾಡುವುದು ನಮ್ಮಲ್ಲಿ ಪಾಪವಾಗಿರಲಿಲ್ಲ, ಪುಣ್ಯವಾಗಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಪ್ರತಿ ಸಭೆಯಲ್ಲಿಯೂ ಹೆಮ್ಮೆಯಿಂದ ಹೇಳುತ್ತೇವೆ. ಆಕೆ ಪೊನ್ನನ ಹೆಸರನ್ನು ಅಳಿಸಲಿಲ್ಲ, ತನ್ನದೆಂದು ಬರೆಸಲಿಲ್ಲ, ಪ್ರತಿಗೆ ಬೆಲೆ ಕಟ್ಟಲಿಲ್ಲ. ಶಾಸ್ತ್ರದಾನವೆಂಬುದರ ಪೂರ್ಣ ಅರ್ಥ ಅದು.

ಹಾಗಿದ್ದರೂ ನಮ್ಮ ಪರಂಪರೆಯಲ್ಲಿ ಬಾಗಿಲು ಮುಚ್ಚಿದ ಭಂಡಾರಗಳೂ ಇದ್ದವು. ಮೂಡಬಿದಿರೆಯ ಗುರುಬಸದಿಯಲ್ಲಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಓದಿಗಲ್ಲ, ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಮಾಡಿಸುವ ಕಾರ್ಯ ಆರಂಭವಾಯಿತು. ಆದರೆ ನಕಲೂ ಅಲ್ಲಿಯೇ ಇರಬೇಕು, ಹೊರಗೆ ಹೋಗಕೂಡದು ಎಂಬ ಕಟ್ಟಿನೊಡನೆ. ಆ ಕಾರ್ಯಕ್ಕೆ ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಲಿಪಿಯ ಪ್ರತಿಯನ್ನು ಸಿದ್ಧಪಡಿಸಿದರು. ಅದು ಕೊನೆಗೆ ಸಹಾರನಪುರದ ಶ್ರಾವಕರೊಬ್ಬರ ಕೈ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಪಂಡಿತರು ತಾವೂ ಗುಪ್ತವಾಗಿ ಒಂದು ಪ್ರತಿಯನ್ನು ಉಳಿಸಿಕೊಂಡರು. ಅದರಿಂದ ದೇಶದ ಭಂಡಾರಗಳಿಗೆಲ್ಲ ಪ್ರತಿಗಳು ಹರಡಿದವು. ೧೯೩೯ರಲ್ಲಿ ಡಾ. ಹೀರಾಲಾಲ್ ಜೈನರು ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದದ್ದು ಈ ಪ್ರತಿಗಳ ಬಲದಿಂದ. ಇಂದು ನಮ್ಮ ಮನೆಗಳ ಕಪಾಟುಗಳಲ್ಲಿ ಆ ಸಂಪುಟಗಳಿದ್ದರೆ ಅದಕ್ಕೆ ಎರಡು ಕೊಟ್ಟ ಮಾತು ಮುರಿದದ್ದು ಕಾರಣ.

ಇದನ್ನು ಏನೆಂದು ಕರೆಯೋಣ? ಫಲ ಒಳ್ಳೆಯದಾಯಿತೆಂದು ಕೃತ್ಯವನ್ನು ಅಚೌರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಟ್ಟಿನೊಡನೆ ಕೊಟ್ಟಿದ್ದರು, ಕಟ್ಟನ್ನು ಮೀರಿದರು, ಮೀರಿದಷ್ಟು ಅದತ್ತವೇ. ಆದರೆ ಇನ್ನೊಂದು ಬದಿಯಲ್ಲಿ, ಓದಲೆಂದು ಬರೆದ ಶಾಸ್ತ್ರವನ್ನು ಓದದಂತೆ ಕಾಯ್ದುಕೊಂಡದ್ದು ಯಾವ ವ್ರತದ ಪಾಲನೆ? ಮುಂದಿನ ಸಂಪುಟಗಳ ವೇಳೆಗೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ತಾವೇ ತಾಳೆಗರಿಗಳನ್ನು ತೆರೆದು ಪಾಠಾಂತರ ನೋಡಲು ಅವಕಾಶವಿತ್ತರು. ಅದತ್ತವಾಗಿದ್ದದ್ದು ಆಗ ದತ್ತವಾಯಿತು. ಮೂರನೆಯ ವ್ರತವನ್ನು ಐದನೆಯದರಿಂದ ಬೇರ್ಪಡಿಸಿ ಇಂತಹ ವಿವಾದಗಳನ್ನು ನೋಡಲಾಗದು ಎಂಬುದು ಇಲ್ಲಿ ತಿಳಿಯುತ್ತದೆ. ತೆಗೆದುಕೊಳ್ಳುವವನನ್ನು ಅಚೌರ್ಯ ಪ್ರಶ್ನಿಸಿದರೆ, ಹಿಡಿದುಕೊಂಡವನನ್ನು ಅಪರಿಗ್ರಹ ಪ್ರಶ್ನಿಸುತ್ತದೆ. ಹಕ್ಕುಸ್ವಾಮ್ಯದ ಕಾಯಿದೆ ಮೊದಲನೆಯ ಪ್ರಶ್ನೆಯನ್ನು ಮಾತ್ರ ಬಲ್ಲುದು. 'ಇದು ನನ್ನದು' ಎಂಬ ಮಮಕಾರವೇ ಪರಿಗ್ರಹವೆನ್ನುವ ನಮಗೆ ಎರಡನೆಯದೂ ಗೊತ್ತಿರಬೇಕು.

ಗೊತ್ತಿದೆಯೇ? ಇಲ್ಲಿ ಟ್ರಸ್ಟುಗಳ ಪದಾಧಿಕಾರಿಗಳು ನನ್ನನ್ನು ಮನ್ನಿಸಬೇಕು, ನಾನೂ ಅವರಲ್ಲೊಬ್ಬ. ನಮ್ಮ ಪೂಜಾ ಪುಸ್ತಕಗಳನ್ನು ತೆರೆದು ನೋಡಿರಿ. ಚಲನಚಿತ್ರ ಗೀತೆಯ ಧಾಟಿಗೆ ಜಿನಸ್ತುತಿಯನ್ನು ಹೊಂದಿಸಿ, ಮೇಲೆ ಆ ಚಿತ್ರದ ಹೆಸರನ್ನೂ ಮುದ್ರಿಸಿ ಹಾಡಿಸುತ್ತೇವೆ. ಒಬ್ಬ ಛಾಯಾಗ್ರಾಹಕನು ಬೆಟ್ಟ ಹತ್ತಿ, ಬೆಳಗಿನ ಬೆಳಕಿಗಾಗಿ ಕಾದು ತೆಗೆದ ಗೊಮ್ಮಟನ ಚಿತ್ರವನ್ನು ಅಂತರ್ಜಾಲದಿಂದ ಇಳಿಸಿ, ಮೂಲೆಯಲ್ಲಿದ್ದ ಅವನ ಹೆಸರನ್ನು ಕತ್ತರಿಸಿ ಕ್ಯಾಲೆಂಡರಿಗೆ ಹಾಕುತ್ತೇವೆ. ಅದೇ ಕ್ಯಾಲೆಂಡರಿನ ಕೆಳಗೆ 'ಸರ್ವ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದು ಅಚ್ಚಾಗಿರುತ್ತದೆ! ಕೆಲವು ವರ್ಷಗಳ ಹಿಂದೆ ನಮ್ಮ ಟ್ರಸ್ಟಿನ ಪಂಚಕಲ್ಯಾಣದ ಭಾವಚಿತ್ರಗಳನ್ನು ಬೇರೊಂದು ಊರಿನವರು ತಮ್ಮ ಆಮಂತ್ರಣದಲ್ಲಿ ಬಳಸಿದಾಗ ಆಕ್ಷೇಪಣೆಯ ಪತ್ರ ಬರೆದವರು ನಾವೇ. ಅದರ ಕರಡನ್ನು ಸಿದ್ಧಪಡಿಸಿದವನು ನಾನೇ. ಆ ಭಾವಚಿತ್ರಗಳನ್ನು ತೆಗೆದವರು ಯಾರೆಂದು ಆಗ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಸ್ಕಿಬಿಡಿಯ ನೋಟೀಸನ್ನು ನೋಡಿ ನಗುವಾಗ ನನಗೆ ಆ ಕರಡು ನೆನಪಾಗಿ ನಗು ಅರ್ಧಕ್ಕೆ ನಿಂತಿತು.

ಕಾಯಿದೆಯು ಧರ್ಮಸಂಸ್ಥೆಗಳಿಗೆ ಕಠಿನವಾಗಿಲ್ಲ ಎಂಬುದನ್ನೂ ಹೇಳಬೇಕು. ೧೯೫೭ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಅದೇ ೫೨ನೆಯ ಕಲಮಿನ ಪ್ರಕಾರ, ಹವ್ಯಾಸಿ ಸಂಘವೊಂದು ಧಾರ್ಮಿಕ ಸಂಸ್ಥೆಯ ಪ್ರಯೋಜನಾರ್ಥವಾಗಿ ನಾಟಕ-ಸಂಗೀತಗಳನ್ನು ಪ್ರದರ್ಶಿಸಿದರೆ ಅದು ಉಲ್ಲಂಘನೆಯಲ್ಲ. ಪ್ರಾಮಾಣಿಕವಾದ ಧಾರ್ಮಿಕ ವಿಧಿಯ ಅಂಗವಾಗಿ ಹಾಡುವುದು, ನುಡಿಸುವುದು, ಧ್ವನಿಮುದ್ರಿಕೆ ಹಾಕುವುದು ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆಯೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಬಸದಿಯ ಅಂಗಳದಲ್ಲಿ ಮಕ್ಕಳು ಯಾವ ಧಾಟಿಗೆ ಹಾಡಿದರೂ ಪೊಲೀಸರು ಬರುವುದಿಲ್ಲ. ಉತ್ಸವ ಮುಗಿದಮೇಲೆ ಅದರ ವಿಡಿಯೋವನ್ನು ಅಂತರ್ಜಾಲಕ್ಕೆ ಏರಿಸಿ ವರ್ಷಗಟ್ಟಲೆ ಇಡುವುದೂ ಅದೇ ಬಾಗಿಲಿನಿಂದ ದಾಟುತ್ತದೆಂದು ನಂಬುವುದು ಮಾತ್ರ ಸಾಹಸ. ಅಲ್ಲಿ ಕಾವಲು ಕುಳಿತಿರುವುದು ಮನುಷ್ಯನಲ್ಲ, ಯಂತ್ರ. ಯೂಟ್ಯೂಬಿನಂತಹ ತಾಣದಲ್ಲಿ ೨೦೦೭ರಿಂದಲೂ ಹೋಲಿಸಿ ನೋಡುವ ವ್ಯವಸ್ಥೆಯೊಂದು ಕೆಲಸ ಮಾಡುತ್ತಿದೆ. ಅದಕ್ಕೆ ಹಾಡು ಗೊತ್ತು, ಪ್ರಭಾವನೆ ಗೊತ್ತಿಲ್ಲ.

ಮಕ್ಕಳ ವಿಡಿಯೋಗೆ ಹಿಂತಿರುಗುತ್ತೇನೆ. ಅದರಲ್ಲಿ ಒಂದು ಕೊರತೆಯನ್ನು ನಾನು ಮೊದಲ ಸಲವೇ ಗಮನಿಸಿದ್ದೆನು, ಹೇಳಿರಲಿಲ್ಲ. ದಿಗ್ವಿಜಯದ ನಡುವೆ ಭರತನು ವೃಷಭಾಚಲಕ್ಕೆ ಬಂದು ತನ್ನ ಕೀರ್ತಿಯನ್ನು ಕೆತ್ತಲು ಹೊರಡುವ ಸನ್ನಿವೇಶ ಅದರಲ್ಲಿರಲಿಲ್ಲ. ಬೆಟ್ಟದ ಮೇಲೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿ ಜಾಗವಿಲ್ಲದಿರಲು, ಅವನು ಅವರಲ್ಲೊಬ್ಬನ ಹೆಸರನ್ನು ಅಳಿಸಿ ಕಾಕಿಣೀರತ್ನದಿಂದ ತನ್ನದನ್ನು ಬರೆಯುತ್ತಾನೆ. ತನ್ನ ಹೆಸರಿಗೂ ಒಂದು ದಿನ ಅದೇ ಗತಿಯೆಂಬುದು ಅವನಿಗೆ ಹೊಳೆಯುವುದು ಅಲ್ಲಿಯೇ. ಈ ಎಲ್ಲ ವಿಷಯಗಳನ್ನು ಓದಿದ ಅನಂತರ ನಾನು ಹುಡುಗರನ್ನು ಕರೆದು ಆ ಸನ್ನಿವೇಶದ ಕಥೆ ಹೇಳಿ, ಇದನ್ನೂ ಸೇರಿಸಲಾಗುವುದೇ ಎಂದು ಕೇಳಿದೆನು. "ಬೆಟ್ಟ ಇದೆ ತಾತ, ಆದರೆ ಅದು ಬೇರೆ ಆಟದ್ದು. ಅವರು ಕೊಟ್ಟಿಲ್ಲ" ಎಂದ ಆ ಹದಿನಾರರ ಹುಡುಗ. ಕೊನೆಗೆ ಅವನ ತಂಗಿ ಚಾಮುಂಡಿಬೆಟ್ಟದ ಬಂಡೆಗಳನ್ನು ನೋಡಿಕೊಂಡು ಬಣ್ಣದಲ್ಲಿ ಒಂದು ವೃಷಭಾಚಲವನ್ನು ಬರೆದುಕೊಟ್ಟಳು. ಸಂಗೀತಕ್ಕೆ ನಮ್ಮ ಬೀದಿಯ ವೀಣೆಯ ಮೇಷ್ಟರೊಬ್ಬರು ಒಪ್ಪಿಕೊಂಡಿದ್ದಾರೆ. ಕೊನೆಯಲ್ಲಿ ಬೊಂಬೆಗಳು ಯಾರವು, ಬೆಟ್ಟ ಯಾರದು, ವೀಣೆ ಯಾರದು ಎಂದು ಒಂದು ಪಟ್ಟಿ ಬರುತ್ತದೆ. ಟ್ರಸ್ಟಿನ ಹೆಸರು ಎಲ್ಲಕ್ಕಿಂತ ಕೆಳಗೆ. 'ಸರ್ವ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲನ್ನು ಅಲ್ಲಿ ಹಾಕಬೇಕೇ ಬೇಡವೇ ಎಂಬುದು ಬರುವ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿದೆ. ಬೇಡವೆಂದು ಮಂಡಿಸುವವನು ನಾನು; ಬೇಕೆನ್ನುವ ಇಬ್ಬರು ಹಿರಿಯರು ಈಗಾಗಲೇ ಮನೆಗೆ ಬಂದು ಮಾತಾಡಿ ಹೋಗಿದ್ದಾರೆ.